ಮಕ್ಕಳ ಕೈಗೆ ಯಾವ ಪುಸ್ತಕ?



ಮಕ್ಕಳಿಗೆ ತಂದೆತಾಯಿಗಳೇ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಆದುದರಿಂದ ಮನೆಯಲ್ಲಿಯೇ ಪಾಠ ಹೇಳುವವರು ಪುಸ್ತಕದ ಆಯ್ಕೆಯನ್ನು ಅಂಗಡಿಯವನಿಗೆ ಬಿಡಲಾಗದು. ಮುಖಪುಟದಲ್ಲಿ ಸಂತರ ಚಿತ್ರವಿದ್ದ ಮಾತ್ರಕ್ಕೆ ಪುಸ್ತಕವು ಯೋಗ್ಯವೆನಿಸದು. ನೀರಸವಾಗಿ ಬರೆದ ಸಂತಚರಿತ್ರೆಯು ಮಗುವಿಗೆ ಸಂತರಲ್ಲಿಯೇ ಬೇಸರ ಹುಟ್ಟಿಸೀತು.

ಕುವೆಂಪುರವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೋಡಿರಿ. ಬ್ರೌನಿಂಗ್ ಕವಿಯ ಕಥೆಯನ್ನು ಅವರು ಕನ್ನಡದ ಹಳ್ಳಿಗೆ ತಂದರು. ಅಲ್ಲಿ ಧರ್ಮೋಪದೇಶವಿಲ್ಲ. ಇಲಿಗಳ ಕಾಟ ತೀರಿದೊಡನೆ ಗೌಡನು ಮಾತಿಗೆ ತಪ್ಪುತ್ತಾನೆ. ಊರು ಮಕ್ಕಳನ್ನು ಕಳೆದುಕೊಳ್ಳುತ್ತದೆ. ಕೊಟ್ಟ ಮಾತಿನ ಬೆಲೆಯನ್ನು ಮಗು ತಾನೇ ಕಾಣುತ್ತದೆ. ಜ್ಞಾನೋಪದೇಶದ ಪ್ರಶ್ನೋತ್ತರವು ಇಷ್ಟು ಬೇಗ ನಾಟೀತೇ? ನನಗೆ ಸಂದೇಹ.

ಕೊಳ್ಳುವ ಮುನ್ನ ಎರಡು ಪುಟಗಳನ್ನು ಗಟ್ಟಿಯಾಗಿ ಓದಿರಿ. ನಿಮಗೇ ಆಕಳಿಕೆ ಬಂದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿರಿ.