ಅಕ್ಷರವು ಒಲಿಯದ ಮಕ್ಕಳ ವಿದ್ಯಾಭ್ಯಾಸ



ಅನ್ನದಾನದೊಡನೆ ಅಕ್ಷರದಾನವನ್ನೂ ವ್ರತವಾಗಿ ನಡೆಸಿಕೊಂಡು ಬಂದ ಮಠದ ಮಹೋತ್ಸವದಲ್ಲಿ, ಅಕ್ಷರವೇ ಒಲಿಯದ ಮಗುವಿನ ವಿಚಾರವನ್ನೆತ್ತುವುದು ಅಪ್ರಸ್ತುತವಾಗಲಾರದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಶಾಲೆಗಳಲ್ಲಿ ಇಂತಹ ಮಗುವು ಅಪರೂಪವಲ್ಲ. ಕೇಳಿದ ಕಥೆಯನ್ನು ಚಾಚೂ ತಪ್ಪದೆ ಮರಳಿ ಹೇಳುವುದು. ಅಂಗಡಿಯ ಲೆಕ್ಕವನ್ನು ಬಾಯಲ್ಲಿಯೇ ಮಾಡುವುದು. ಪುಸ್ತಕವನ್ನು ತೆರೆದೊಡನೆ ಮಾತ್ರ ಮೂಕವಾಗುವುದು. ಮನೆಯವರು ಸೋಮಾರಿ ಎನ್ನುವರು, ಶಾಲೆಯವರು ದಡ್ಡನೆನ್ನುವರು. ಎರಡೂ ಅನ್ಯಾಯದ ಮಾತುಗಳೇ.

1896ರಲ್ಲಿ ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ನರು 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಬುದ್ಧಿವಂತನಾದ ಆ ಹುಡುಗನು ವರ್ಷಗಟ್ಟಲೆ ಕಲಿತರೂ ಸಣ್ಣ ಪದಗಳನ್ನು ಸಹ ಓದಲಾರದೆ ಇದ್ದನು. ಪಾಠವೆಲ್ಲವೂ ಬಾಯಿಮಾತಿನಲ್ಲಿ ನಡೆದರೆ ಶಾಲೆಗೆ ಇವನೇ ಮೊದಲಿಗನಾದಾನೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿದ್ದಿತು. ಮಾರ್ಗನ್ನರು ಇದನ್ನು ಹುಟ್ಟಿನಿಂದ ಬಂದ ಪದಾಂಧತೆಯೆಂದರು; ಈಗ ಡಿಸ್ಲೆಕ್ಸಿಯ ಎನ್ನುವರು. ಇದು ಕಣ್ಣಿನ ದೋಷವಲ್ಲ. ಮಾತಿನೊಳಗಣ ಧ್ವನಿಗಳನ್ನು ಬಿಡಿಸಿ ಲಿಪಿಯೊಡನೆ ಹೊಂದಿಸುವಲ್ಲಿ ಬಹುಮಟ್ಟಿಗೆ ತೊಡಕಿರುವುದು.

ಕನ್ನಡವು ನುಡಿದಂತೆ ಬರೆಯುವ ಭಾಷೆ, ಅದರಲ್ಲಿ ಈ ತೊಂದರೆಯೆಲ್ಲಿಯದು ಎಂದು ಕೇಳುವವರುಂಟು. ಆ ಮಾತು ಅರ್ಧ ಸತ್ಯ. ‘ಧರ್ಮ’ ಎಂಬ ಪದದಲ್ಲಿ ರಕಾರವು ಮಕಾರಕ್ಕಿಂತ ಮೊದಲು ಕೇಳಿಸುವುದು; ಅದರ ಅರ್ಕಾವೊತ್ತಾದರೋ ಮಕಾರದ ಬಲಗಡೆ ನಿಂತಿರುವುದು. ವ, ಪ, ಷ ಗಳ ಅಂತರವೆಷ್ಟು? ಒಂದು ಗೆರೆ! ಗುಣಿತ, ಒತ್ತುಗಳು ಸೇರಿದರೆ ಮಗುವು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಕಲಿಕೆಯು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದೆಂದು ತಿಳಿದುಬಂದಿತು. ಹಾಗಿರಲು ಒಂದನೆಯ ತರಗತಿಯಲ್ಲಿ ಹಿಂದುಳಿದ ಮಗುವಿಗೆ ಅಷ್ಟರಲ್ಲಿಯೇ ಡಿಸ್ಲೆಕ್ಸಿಯವೆಂದು ಹೆಸರಿಡುವುದೂ ಆತುರವೇ. ಮೊದಲು ಕಣ್ಣು ಕಿವಿಗಳ ಪರೀಕ್ಷೆಯಾಗಬೇಕು. ಮನೆಮಾತು ತಮಿಳೋ, ತೆಲುಗೋ, ಉರ್ದುವೋ ಎಂಬುದನ್ನು ವಿಚಾರಿಸಬೇಕು.

ಚಿಕಿತ್ಸೆಯೆಂದರೆ ಔಷಧವಲ್ಲ, ಕ್ರಮಬದ್ಧವಾದ ಬೋಧನೆ. ಅಮೆರಿಕದಲ್ಲಿ ಆರ್ಟನ್ ಎಂಬ ವೈದ್ಯರೂ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ 1930ರ ದಶಕದಲ್ಲಿ ಇದರ ಬುನಾದಿಯನ್ನು ಹಾಕಿದರು. ಮಗುವು ಅಕ್ಷರವನ್ನು ಕಂಡು, ಅದರ ಧ್ವನಿಯನ್ನು ಕೇಳಿ, ತಾನೇ ಉಚ್ಚರಿಸುತ್ತ ಬೆರಳಿನಿಂದ ತಿದ್ದಬೇಕು. ಹಿಂದಿನ ಐಗಳ ಶಾಲೆಯಲ್ಲಿ ಮರಳಿನ ಮೇಲೆ ಬರೆಯಿಸುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಇದು ಹೊಸತೆನಿಸದು. ಆ ಶಾಲೆಯ ಬೆತ್ತವೊಂದು ಮಾತ್ರ ಇಲ್ಲಿ ಸಲ್ಲದು.

ಅಕ್ಷರಗಳನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು ಎರಡನೆಯ ಸೂತ್ರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿ ಪದ್ಧತಿಯು ಎಲ್ಲ ಮಕ್ಕಳಿಗಾಗಿ ಏರ್ಪಟ್ಟುದಾದರೂ ಅದರ ಕ್ರಮವು ಇಲ್ಲಿಯೂ ಉಪಯುಕ್ತ. ಅದರಲ್ಲಿ ವರ್ಣಮಾಲೆಯನ್ನು ಬದಿಗಿರಿಸಿ ರ, ಗ, ಸ, ದ, ಅ ಎಂಬ ಐದರಿಂದ ತೊಡಗುವರು. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸಗಳು ಹುಟ್ಟುವುವು. ಇವು ಗಟ್ಟಿಯಾದ ಮೇಲೆ ‘ಸರ’ಕ್ಕೆ ದೀರ್ಘವನ್ನಿತ್ತು ‘ಸಾರ’ವನ್ನು ಮಾಡಿಸುವುದು, ಒತ್ತಕ್ಷರದ ಸರದಿ ಬಹಳ ತಡವಾಗಿ. ದಿನವೂ ಅರ್ಧ ಗಂಟೆ ಸಾಕು, ಆದರೆ ದಿನ ತಪ್ಪಬಾರದು. ತಪ್ಪಿದ ಪದವನ್ನು ನೂರು ಸಲ ಬರೆಯಿಸುವ ಶಿಕ್ಷೆಯಿಂದ ಕೈ ನೋಯುವುದಲ್ಲದೆ ಓದು ಬಾರದು. ಈ ಕ್ರಮದಿಂದ ತೊಡಕು ಬೇರುಸಹಿತ ಅಳಿಯುವುದೆಂದು ಯಾರೂ ಭಾಷೆ ಕೊಡಲಾರರು. ನಿಧಾನವಾಗಿಯಾದರೂ ಓದು ಸಾಗುವುದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂತಹ ಕಲಿಕೆಯ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿ, ಅದನ್ನು ಬೇಗನೆ ಗುರುತಿಸಿ ತಕ್ಕ ಬೋಧನೆಯನ್ನೊದಗಿಸುವ ಹೊಣೆಯನ್ನು ಶಾಲೆಗಳ ಮೇಲಿರಿಸಿದೆ. ಪರೀಕ್ಷಿಸುವ ವ್ಯವಸ್ಥೆಯು ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿರುವುದು. ಕೆಂಗೇರಿಯ ಕೂಲಿಕಾರನೊಬ್ಬನು ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕಾದರೆ ಅಂದಿನ ಕೂಲಿಯನ್ನು ಬಿಡಬೇಕು. ಜೊತೆಗೆ ಹೋಗಿ ಬರುವವರೊಬ್ಬರು, ಸಂಜೆಯ ಅರ್ಧ ಗಂಟೆ ಕುಳಿತು ಓದಿಸುವವರೊಬ್ಬರು, ಒಂದು ತಟ್ಟೆ ಮರಳು: ಪ್ರಸಾದನಿಲಯದ ಜಗುಲಿಯಲ್ಲಿ ಇಷ್ಟನ್ನು ಈ ವರ್ಷವೇ ಏರ್ಪಡಿಸಬಹುದು.