ಸೀಟಿ ನಮ್ಮ ಕೈಗೂ ಬರಲಿ



ಇವತ್ತು ಕಬಡ್ಡಿ ಬಗ್ಗೆ ನಾಕು ಮಾತು ಆಡೋಣ. "ನಮಗ್ಯಾತರ ಕಬಡ್ಡಿ?" ಅಂತ ನಗಬೇಡಿ. ಆಡುವವರ ಮಾತಲ್ಲ ಇದು, ಆಟ ನಡೆಸುವವರ ಮಾತು.

ಹಬ್ಬ ಬಂತು ಅಂದರೆ ಹಳ್ಳಿಗಳಲ್ಲಿ ಪಂದ್ಯ ಇಡ್ತಾರೆ. ಅಂಪೈರ್ ಯಾರು? ಎಷ್ಟೋ ಸಲ ಆ ಹೊತ್ತಿಗೆ ಕೈಗೆ ಸಿಕ್ಕವರು. ಒಂದು ತಂಡದ ಹುಡುಗಿಯ ಅಣ್ಣನೋ, ಮಾವನೋ ಆಗಿರ್ತಾರೆ. ಮುಟ್ಟಿದಳು, ಮುಟ್ಟಲಿಲ್ಲ ಅಂತ ಜಗಳ ಶುರು. ಅಂಕಣದ ಜಗಳ ಓಣಿಗೆ ಬರುತ್ತದೆ. ಕೊನೆಗೆ ನಷ್ಟ ಯಾರಿಗೆ? ಆಡುವ ಹುಡುಗಿಗೆ. "ಜಗಳದ ಆಟ ಬ್ಯಾಡ, ಮನ್ಯಾಗಿರು" ಅಂತಾರೆ. ಅವಳ ಆಟ ಅಲ್ಲಿಗೆ ನಿಂತಿತು.

ನಿಲ್ಲದಿದ್ದರೆ ಎಲ್ಲಿಗೆ ಹೋಗಬಹುದು? ಮಮತಾ ಪೂಜಾರಿ ಅವರನ್ನು ನೋಡಿ. ಕಾರ್ಕಳ ತಾಲೂಕಿನ ಹಳ್ಳಿಯವರು. 2012ರಲ್ಲಿ ಪಟ್ನಾದಲ್ಲಿ ಹೆಂಗಸರ ಕಬಡ್ಡಿ ವಿಶ್ವಕಪ್ ನಡೆಯಿತು. ಗೆದ್ದ ಭಾರತ ತಂಡಕ್ಕೆ ಅವರೇ ನಾಯಕಿ.

ಆಟ ನಡೆಸೋದೂ ಒಂದು ಕಸುಬು. ಅದನ್ನು ಕಲಿಯಬೇಕು. ಹೆಂಗಸರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಹೆಜ್ಜೆ ಲೆಕ್ಕ ಬೇಡ, ಟೇಪು ಹಿಡಿದು ಅಳೆದು ಸುಣ್ಣದ ಗೆರೆ ಹಾಕಬೇಕು. ಒಂದು ಕಡೆಗೆ ಏಳು ಜನ. 15 ನಿಮಿಷದಂತೆ ಎರಡು ಸರದಿ, ನಡುವೆ 5 ನಿಮಿಷ ಬಿಡುವು. ಒಂದು ದಾಳಿಗೆ 30 ಸೆಕೆಂಡು. ದಾಳಿಗೆ ಹೋದವಳು ಯಾರನ್ನೂ ಮುಟ್ಟದೆ, ಒಳಗಿನ ಗೆರೆಯನ್ನೂ ದಾಟದೆ ವಾಪಸ್ ಬಂದರೆ ಅವಳೇ ಔಟ್. ಹಾಗಾಗಿ ಅಂಪೈರ್ ಕಣ್ಣು ಅವಳ ಕಾಲ ಮೇಲೂ ಇರಬೇಕು. ಇದನ್ನೆಲ್ಲ ಆಟಕ್ಕೆ ಮುಂಚೆಯೇ ಎರಡೂ ತಂಡಗಳನ್ನು ಕೂರಿಸಿ ಓದಿ ಹೇಳಬೇಕು. ಜಗಳ ಎದ್ದ ಮೇಲೆ ನಿಯಮ ಹೇಳಿದರೆ ಯಾರು ಕೇಳ್ತಾರೆ?

ದೊಡ್ಡ ಪಂದ್ಯಕ್ಕೆ ಆರು ಜನ ಬೇಕು. ಒಬ್ಬರು ರೆಫರಿ, ಇಬ್ಬರು ಅಂಪೈರ್, ಒಬ್ಬರು ಅಂಕ ಬರೆಯುವವರು, ಇಬ್ಬರು ಅವರ ಸಹಾಯಕರು. ನೋಡಿದಿರಾ? ಆರರಲ್ಲಿ ಮೂವರ ಕೆಲಸ ಬರವಣಿಗೆ! ಮೊದಲು ಔಟಾದವಳು ಮೊದಲು ಒಳಗೆ ಬರಬೇಕು. ಆ ಕ್ರಮ ಬರೆದಿಡದಿದ್ದರೆ ಅಲ್ಲೇ ತಕರಾರು. ನಮ್ಮ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಹಳೆಗನ್ನಡದ ಶಾಸನಗಳಿವೆ. ಯಾರು ಏನು ದಾನ ಕೊಟ್ಟರು ಅಂತ ಕಲ್ಲಲ್ಲಿ ಕೊರೆದಿಟ್ಟರು. ನಮಗೆ ಕಲ್ಲು ಬೇಡ, ಒಂದು ನೋಟ್‌ಬುಕ್ ಸಾಕು.

"ಹೆಂಗಸರು ಸೀಟಿ ಊದಿದರೆ ಯಾರು ಕೇಳ್ತಾರೆ?" ಅಂತ ಕೆಲವರು ಕೇಳಬಹುದು. 2022ರಲ್ಲಿ ಗಂಡಸರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಸ್ಟೆಫನಿ ಫ್ರಪಾರ್ ಎಂಬ ಹೆಣ್ಣುಮಗಳು ರೆಫರಿ ಆದರು. ಅವರ ಸೀಟಿ ಕೇಳಿ ಗಂಡಸರೂ ನಿಂತರು.

ಇನ್ನೊಂದು ಮಾತು. ನಿಮ್ಮ ಮಗಳೋ ಸೊಸೆಯೋ ಆಡುವ ಪಂದ್ಯಕ್ಕೆ ನೀವು ಅಂಪೈರ್ ಆಗಬೇಡಿ, ಬೇರೆಯವರಿಗೆ ಬಿಡಿ. ಪಂದ್ಯ ಇಡುವವರೂ ಅಂಪೈರನ್ನು ಪುಕ್ಕಟೆ ದುಡಿಸಬಾರದು. ಗೆದ್ದವರಿಗೆ ಬಹುಮಾನಕ್ಕೆ ದುಡ್ಡು ಕೂಡಿಸುವವರು ಇವರ ಕೂಲಿಯನ್ನೂ ಮೊದಲೇ ಎತ್ತಿಡಲಿ.

ನಿಯಮ ಹೇಳಿಕೊಡಲು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳೋಣ. ನಾಳೆ ಸಂಜೆ ಬರುವಾಗ ಒಬ್ಬರು ಟೇಪು ತನ್ನಿ, ಒಬ್ಬರು ಸುಣ್ಣ ತನ್ನಿ. ಗೆರೆ ಹಾಕೋದರಿಂದ ಶುರು ಮಾಡೋಣ.