ಸಾಲದ ಕಂಪನಿಗೆ ಬೆಲೆ ಕಟ್ಟುವುದು ಹೇಗೆ?

ಊರಿನಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. ಬೆಲೆ 50 ಲಕ್ಷ ರೂಪಾಯಿ. ಅದರ ಮೇಲೆ ಬ್ಯಾಂಕಿನಲ್ಲಿ 35 ಲಕ್ಷದ ಅಡಮಾನ ಸಾಲ. ಕೊಳ್ಳುವವನು ಬ್ಯಾಂಕಿಗೆ 35 ಲಕ್ಷ ಕಟ್ಟಿ, ಮಾಲೀಕನ ಕೈಗೆ 15 ಲಕ್ಷ ಕೊಟ್ಟರೆ ವ್ಯವಹಾರ ಮುಗಿಯಿತು. ಸಾಲ 60 ಲಕ್ಷವಾಗಿದ್ದರೆ? ಆಗ ಮಾಲೀಕನಿಗೆ ಏನೂ ದಕ್ಕದು. ಅಷ್ಟೇ ಅಲ್ಲ, ಮನೆಯನ್ನು ಯಾರಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂಬ ಮಾತೂ ಅವನ ಕೈತಪ್ಪಿ ಸಾಲ ಕೊಟ್ಟವರ ಕೈಸೇರುತ್ತದೆ.

ದೂರಸಂಪರ್ಕ ಕಂಪನಿಯ ಮಾರಾಟವೂ ಮೇಲುನೋಟಕ್ಕೆ ಇಂಥದೇ. ಆದರೆ ಒಂದು ವ್ಯತ್ಯಾಸವುಂಟು. ಮನೆ ನಾಲ್ಕು ವರ್ಷ ಬೀಗ ಹಾಕಿಕೊಂಡು ನಿಂತರೂ ಮನೆಯಾಗಿಯೇ ಇರುತ್ತದೆ. ದೂರಸಂಪರ್ಕ ಕಂಪನಿಯ ಸರಕು ಹಾಗಲ್ಲ. ಅದು ತರಕಾರಿ ಸಂತೆಯ ಸರಕು. ಅದರ ಮೊದಲನೆಯ ಆಸ್ತಿ ಚಂದಾದಾರರು. 2011ರ ಜನವರಿಯಿಂದ ದೇಶದಲ್ಲೆಲ್ಲ, ನಂಬರು ಬದಲಾಯಿಸದೆಯೇ ಕಂಪನಿಯನ್ನು ಬದಲಾಯಿಸುವ ಅನುಕೂಲ ಬಂದಿದೆ. ಕಂಪನಿ ಮುಳುಗುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಮರುದಿನವೇ ನೀವು ಬೇರೆ ಕಡೆಗೆ ಹೋಗಬಹುದು. ಎರಡನೆಯದು ತರಂಗಾಂತರ, ಎಂದರೆ ಸ್ಪೆಕ್ಟ್ರಮ್. ಅದು ಕಂಪನಿಯ ಸ್ವಂತದ್ದಲ್ಲ. ಸರ್ಕಾರ ಸಾಮಾನ್ಯವಾಗಿ 20 ವರ್ಷದ ಅವಧಿಗೆ ಹರಾಜಿನಲ್ಲಿ ಕೊಟ್ಟಿರುವ ಬಳಕೆಯ ಹಕ್ಕು. ಬಳಸಿದರೂ ಬಿಟ್ಟರೂ ಅವಧಿ ಕರಗುತ್ತಲೇ ಇರುತ್ತದೆ. ಮೂರನೆಯದು ಟವರು, ತಂತಿ, ಯಂತ್ರಗಳು. ಕರೆ ಬಂದರೂ ಬಾರದಿದ್ದರೂ ಟವರಿನ ಜಾಗದ ಬಾಡಿಗೆ ತಪ್ಪದು.

ಹೀಗಿರುವಾಗ, ಸಾಲದ ಹೊರೆ ಬೆಲೆಯನ್ನು ಇಳಿಸುತ್ತದೆ ಎನ್ನುವುದು ಅರ್ಧ ಮಾತು. ಅದು ವ್ಯಾಪಾರವನ್ನು ತಡಮಾಡುತ್ತದೆ. ಆ ತಡವೇ ಸರಕನ್ನು ತಿಂದುಹಾಕುತ್ತದೆ. ಇದಕ್ಕೆ ರಿಲಯನ್ಸ್ ಕಮ್ಯುನಿಕೇಷನ್ಸ್ ಕಂಪನಿಯ ಕಥೆಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣದು.

ಅನಿಲ್ ಅಂಬಾನಿಯವರ ಈ ಕಂಪನಿಯ ಸಾಲ 2017ರ ವೇಳೆಗೆ 45,000 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಸೆಲ್‌ನೊಂದಿಗೆ ಕೂಡಿಸುವುದಾಗಿ ಅದು 2016ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತ್ತು. ಏರ್‌ಸೆಲ್ಲೂ ಸಾಲಗಾರ ಕಂಪನಿಯೇ. ಇಬ್ಬರು ಸಾಲಗಾರರು ಒಂದಾದರೆ ಸಾಹುಕಾರನಾಗುವುದುಂಟೆ? ಸಾಲ ಕೊಟ್ಟವರ ಆಕ್ಷೇಪಣೆ, ಕಾನೂನಿನ ತೊಡಕು ಎಲ್ಲ ಸೇರಿ, ಒಂದು ವರ್ಷ ಕಳೆದ ಮೇಲೆ 2017ರ ಅಕ್ಟೋಬರಿನಲ್ಲಿ ಆ ಮಾತುಕತೆ ಮುರಿದುಬಿತ್ತು. ಏರ್‌ಸೆಲ್ 2018ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ಆಮೇಲೆ ಬಂದವರು ಅಣ್ಣ ಮುಕೇಶ್ ಅಂಬಾನಿಯವರ ಜಿಯೋ ಕಂಪನಿಯವರು. ಅಣ್ಣತಮ್ಮಂದಿರ ವಿಷಯವೆಂದು ಪತ್ರಿಕೆಗಳು ಇದನ್ನು ಬೇರೆಯೇ ರಸದಲ್ಲಿ ವರ್ಣಿಸಿದವು. ನಮಗೆ ಬೇಕಾದುದು ಲೆಕ್ಕ. 2017ರ ಡಿಸೆಂಬರ್ ಕೊನೆಯಲ್ಲಿ ಆದ ಒಪ್ಪಂದದಲ್ಲಿ ತರಂಗಾಂತರ, 43,000ಕ್ಕೂ ಹೆಚ್ಚು ಟವರು, ಸುಮಾರು 1,78,000 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಸೇರಿದ್ದವು. ಇಷ್ಟರಲ್ಲಿ ಕಂಪನಿಯ ಸಾಮಾನ್ಯ ಮೊಬೈಲ್ ಸೇವೆ ನಿಂತೇಹೋಗಿತ್ತು.

ಕೊಳ್ಳುವವನಿದ್ದಾನೆ, ಮಾರುವವನಿದ್ದಾನೆ, ಇನ್ನೇನು ಅಡ್ಡಿ ಎನ್ನುವಿರಿ. ಬ್ಯಾಂಕುಗಳು ಒಪ್ಪಬೇಕಿತ್ತು. ಜಾಲವನ್ನು ನೋಡಿಕೊಳ್ಳುತ್ತಿದ್ದ ಸ್ವೀಡನ್ನಿನ ಎರಿಕ್ಸನ್ ಕಂಪನಿ ತನ್ನ ಬಾಕಿಗಾಗಿ ನ್ಯಾಯಮಂಡಳಿಯ ಬಾಗಿಲು ತಟ್ಟಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತರಂಗಾಂತರ ಕೈಬದಲಾಯಿಸಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಹಳೆಯ ಬಾಕಿ ತೀರದೆ ಅನುಮತಿಯಿಲ್ಲ. ಹಳೆಯ ಬಾಕಿಗೆ ತಾನು ಹೊಣೆಯಲ್ಲವೆಂಬ ಭರವಸೆಯನ್ನು ಜಿಯೋ ಕೇಳಿತು. 2018ರ ಡಿಸೆಂಬರಿನಲ್ಲಿ ಇಲಾಖೆ ವ್ಯವಹಾರಕ್ಕೆ ಒಪ್ಪಿಗೆ ನಿರಾಕರಿಸಿತು.

ಬಾಕಿ ತೀರಿಸಲು ಮಾರಬೇಕು. ಮಾರಲು ಬಾಕಿ ತೀರಿಸಬೇಕು. ಹುಚ್ಚು ಬಿಡದ ಹೊರತು ಮದುವೆಯಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥ ಸ್ಥಿತಿಯನ್ನೇ. ಇಲ್ಲಿ ಇಲಾಖೆಯನ್ನು ದೂರುವುದು ಸುಲಭ, ಆದರೆ ಸರಿಯಲ್ಲ. ಬಾಕಿ ಸಾರ್ವಜನಿಕರ ಹಣ. ಜಿಯೋದ ಅಂಜಿಕೆಯೂ ಹುಸಿಯಾಗಿರಲಿಲ್ಲ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಕಂಪನಿಗಳ ಆದಾಯದಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಪಾಲಿನ ಕುರಿತು ತೀರ್ಪಿತ್ತಾಗ, ಹಳೆಯ ವರ್ಷಗಳ ಬಾಕಿ, ಬಡ್ಡಿ, ದಂಡಗಳೆಲ್ಲ ಒಟ್ಟಿಗೆ ಎದ್ದುಬಂದುದನ್ನು ದೇಶವೇ ನೋಡಿತು. ಪ್ರತಿಯೊಬ್ಬನೂ ತನ್ನ ತನ್ನ ನ್ಯಾಯವನ್ನೇ ಹಿಡಿದು ನಿಂತ. ನಡುವೆ ಸರಕು ಕೊಳೆಯಿತು.

2019ರ ಫೆಬ್ರವರಿ 1ರಂದು ಕಂಪನಿ ತಾನಾಗಿಯೇ ದಿವಾಳಿ ಪ್ರಕ್ರಿಯೆಗೆ ಹೋಗುವುದಾಗಿ ನಿರ್ಧರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟು, ಎರಿಕ್ಸನ್‌ಗೆ ಕೊಟ್ಟ ಮಾತು ತಪ್ಪಿದ್ದಕ್ಕಾಗಿ ಅನಿಲ್ ಅಂಬಾನಿಯವರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ಹೇಳಿ, ನಾಲ್ಕು ವಾರಗಳಲ್ಲಿ 453 ಕೋಟಿ ಕೊಡಬೇಕೆಂದು ವಿಧಿಸಿತು. ಮಾರ್ಚಿಯಲ್ಲಿ ಆ ಹಣ ಸಂದಾಯವಾಯಿತು. ಜಿಯೋ ಒಪ್ಪಂದ ಅದೇ ಮಾರ್ಚಿಯಲ್ಲಿ ರದ್ದಾಯಿತು.

ಟಾಟಾ ಸಂಸ್ಥೆಯವರು ಹಿಡಿದ ದಾರಿ ಬೇರೆ. 2017ರ ಅಕ್ಟೋಬರಿನಲ್ಲಿ ಅವರು 19 ವೃತ್ತಗಳ ಸುಮಾರು 4 ಕೋಟಿ ಮೊಬೈಲ್ ಚಂದಾದಾರರನ್ನು ಏರ್‌ಟೆಲ್‌ಗೆ ಬಿಟ್ಟುಕೊಡಲು ಒಪ್ಪಿದರು. ಕೈಗೆ ಬಂದ ನಗದು ಇಲ್ಲ. ಹಳೆಯ ಸಾಲ ಟಾಟಾದವರ ಕಡೆಯೇ ಉಳಿಯಿತು. ತರಂಗಾಂತರದ ಕಂತುಗಳಲ್ಲಿ ಒಂದು ಪಾಲನ್ನು ಮಾತ್ರ ಏರ್‌ಟೆಲ್ ಹೊತ್ತುಕೊಂಡಿತು. ಇಷ್ಟಾಗಿಯೂ ವ್ಯವಹಾರ ಪೂರ್ಣವಾದುದು 2019ರ ಜುಲೈ 1ಕ್ಕೆ. 4 ಕೋಟಿ ಗ್ರಾಹಕರನ್ನು ಹೀಗೆ ಕೊಡುವುದೆ ಎಂದು ಆಗ ಹುಬ್ಬೇರಿಸಿದವರುಂಟು. ಆದರೆ ಸಾಲ ತೀರಿಸಬಲ್ಲ ಮನೆತನ ಬೆನ್ನ ಹಿಂದಿತ್ತು. ಅದರಿಂದಲೇ ಮಾರುವ ಮಾತು ಅವರ ಬಾಯಲ್ಲೇ ಉಳಿಯಿತು. ಆ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ದಿವಾಳಿ ಪ್ರಕ್ರಿಯೆಗೆ ಹೋದ ಕಂಪನಿಯಲ್ಲಿ ಯಾರ ಮಾತು ನಡೆಯುತ್ತದೆ? 2016ರ ಸಂಹಿತೆಯ ಪ್ರಕಾರ ಆಡಳಿತ ಮಂಡಲಿಯ ಅಧಿಕಾರ ಅಲ್ಲಿಗೆ ನಿಲ್ಲುತ್ತದೆ. ಸಾಲ ಕೊಟ್ಟವರ ಸಮಿತಿ ಕೊಳ್ಳುವವರ ಯೋಜನೆಗಳನ್ನು ತೂಗಿನೋಡುತ್ತದೆ. ಶೇಕಡಾ 66ರಷ್ಟು ಮತ ಬಿದ್ದ ಯೋಜನೆ ನ್ಯಾಯಮಂಡಳಿಯ ಮುಂದೆ ಹೋಗುತ್ತದೆ. ಯಾರೂ ಕೊಳ್ಳದೆ ಕಂಪನಿಯನ್ನೇ ಮುಚ್ಚಿ ಹಂಚಬೇಕಾಗಿ ಬಂದರೆ, ಪ್ರಕ್ರಿಯೆಯ ಖರ್ಚು ಮೊದಲು; ಆಮೇಲೆ ಅಡಮಾನ ಹಿಡಿದ ಬ್ಯಾಂಕುಗಳೂ ಕಾರ್ಮಿಕರ 24 ತಿಂಗಳ ಬಾಕಿಯೂ ಒಂದೇ ಸಾಲಿನಲ್ಲಿ; ಇತರ ನೌಕರರ 12 ತಿಂಗಳ ಬಾಕಿ ಅದರ ಹಿಂದೆ. ಟವರಿಗೆ ಡೀಸೆಲ್ ಸರಬರಾಜು ಮಾಡಿದವನು, ಕಾವಲುಗಾರರನ್ನು ಒದಗಿಸಿದವನು, ಅಂಗಡಿಗೆ ನಾಮಫಲಕ ಬರೆದುಕೊಟ್ಟವನು, ಇವರ ಸರದಿ ಬಹಳ ಕೆಳಗೆ. ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಬರಿದಾಗಿರುತ್ತದೆ. ಎರಿಕ್ಸನ್‌ನಂಥ ದೊಡ್ಡ ಸಂಸ್ಥೆಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ತ್ರಾಣವಿತ್ತು. ಡೀಸೆಲ್ ಕೊಟ್ಟವನಿಗೆ ವಕೀಲರ ಫೀಸೇ ಬಾಕಿಗಿಂತ ಹೆಚ್ಚಾದೀತು. ಮಾರಾಟ ಒಂದು ವರ್ಷ ಮೊದಲೇ ಆಗಿದ್ದರೆ ಅವನಿಗೆ ಏನಾದರೂ ಸಿಗುತ್ತಿತ್ತು ಎಂದೇ ನನ್ನ ಎಣಿಕೆ.

ಆ ಟವರುಗಳೇನಾದವು ಎಂದು ನೀವು ಕೇಳಬಹುದು. ಅವು ರಿಲಯನ್ಸ್ ಇನ್‌ಫ್ರಾಟೆಲ್ ಎಂಬ ಅಂಗಸಂಸ್ಥೆಯ ಹೆಸರಿನಲ್ಲಿದ್ದವು. 2020ರಲ್ಲಿ ನ್ಯಾಯಮಂಡಳಿ ಜಿಯೋದ ಯೋಜನೆಗೇ ಒಪ್ಪಿಗೆ ಕೊಟ್ಟಿತು. ಬರುವ ಹಣವನ್ನು ಹಂಚಿಕೊಳ್ಳುವುದು ಹೇಗೆಂದು ಬ್ಯಾಂಕುಗಳೊಳಗೇ ವ್ಯಾಜ್ಯ ಹುಟ್ಟಿ ಮತ್ತೆರಡು ವರ್ಷ ಕಳೆದವು. ಕೊನೆಗೆ 2022ರ ಡಿಸೆಂಬರಿನಲ್ಲಿ, ಮೊದಲ ಒಪ್ಪಂದವಾಗಿ ಐದು ವರ್ಷವಾದ ಮೇಲೆ, ಜಿಯೋದ ಅಂಗಸಂಸ್ಥೆಯೊಂದು 3,720 ಕೋಟಿ ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಅವುಗಳನ್ನು ವಹಿಸಿಕೊಂಡಿತು.